ಶೋಪೆನ್‌ಹೌವರ್‌ನ ಓದೋಕೆ ಒಂದು ದಾರಿ: ಎಲ್ಲಿಂದ ಶುರು ಮಾಡ್ಬೇಕು, ಎಲ್ಲಿ ನಿಲ್ಲಬಾರದು

ಆರ್ಥರ್ ಶೋಪೆನ್‌ಹೌವರ್ ಅನ್ನೋ ಜರ್ಮನ್ ತತ್ವಜ್ಞಾನಿಯ ಹೆಸರು ಈಗ ತುಂಬಾ ಜನಕ್ಕೆ ಗೊತ್ತು, ಕಪ್ಪು ಬ್ಯಾಕ್‌ಗ್ರೌಂಡ್, ಎರಡೂ ಕಡೆ ಕೆದರಿದ ಬಿಳಿ ಕೂದಲಿನ ಮುದುಕನ ಫೋಟೋ, ಕೆಳಗೆ ಬದುಕು ಅಂದ್ರೆ ನೋವು ಅನ್ನೋ ಥರದ್ದು ಒಂದು ಲೈನು, ಅಷ್ಟೇ ಪರಿಚಯ. ಅದನ್ನ ನೋಡಿದವರಲ್ಲಿ ಕೆಲವರು ಈ ಅಳುಬುರುಕನ ಸಹವಾಸ ನಮಗ್ಯಾಕೆ ಅಂತ ಮುಂದೆ ಹೋಗ್ತಾರೆ, ಇನ್ನು ಕೆಲವರು ನನ್ನ ಮನಸ್ಸಲ್ಲಿರೋದನ್ನೇ ಹೇಳಿದಾನೆ ಅಂತ ಸ್ಟೇಟಸ್‌ಗೆ ಹಾಕ್ಕೊಂಡು ಅಲ್ಲಿಗೇ ಬಿಡ್ತಾರೆ. ಎರಡನ್ನೂ ನೋಡಿದಾಗ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ, ಯಾಕಂದ್ರೆ ಇವನ ವಿಚಾರ ನೋವಿಂದ ಶುರು ಆಗೋದು ಹೌದು, ಆದ್ರೆ ಅದು ಹೋಗಿ ಮುಟ್ಟೋದು ಕರುಣೆಗೆ, ಇನ್ನೊಬ್ಬರ ನೋವು ನನ್ನದೇ ಅಂತ ಅನ್ನಿಸೋ ಜಾಗಕ್ಕೆ. ಅರ್ಧ ದಾರೀಲಿ ಇಳಿದುಬಿಟ್ರೆ ಕೈಗೆ ಸಿಗೋದು ಬರೀ ಕಹಿ.

ನಾನು ಮೊದಲನೇ ಸಲ ಅವನ ಮುಖ್ಯ ಕೃತಿ, ಬೇಕು ಮತ್ತು ತೋರಿಕೆಯಾಗಿ ಜಗತ್ತು ಅನ್ನೋ ದೊಡ್ಡ ಪುಸ್ತಕವನ್ನೇ ಮೊದಲ ಪುಟದಿಂದ ಹಿಡಿದೆ, ಐವತ್ತು ಪುಟಕ್ಕೆ ನಿಂತೆ, ಎರಡು ವರ್ಷ ಮತ್ತೆ ಮುಟ್ಟಲಿಲ್ಲ. ಆಮೇಲೆ ಬೇರೆ ಕಡೆಯಿಂದ ಒಳಗೆ ಹೋದೆ, ಆಗ ಬಾಗಿಲು ತೆರೀತು. ಆ ದಾರೀನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೀತಿದೀನಿ. ದಿನಕ್ಕೆ ಅರ್ಧ ಗಂಟೆ ಕೊಟ್ರೆ ನಾಲ್ಕೈದು ತಿಂಗಳ ಕೆಲಸ.

ಶುರು ಮಾಡೋ ಮುಂಚೆ

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಿಮ್ಮ ಮನಸ್ಸು ಈಗ ತುಂಬಾ ಕುಗ್ಗಿದ್ರೆ, ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ ಅಂದ್ರೆ ಇವನನ್ನ ಸದ್ಯಕ್ಕೆ ಪಕ್ಕಕ್ಕಿಡಿ, ಪುಸ್ತಕ ಎಲ್ಲಿಗೂ ಓಡಿ ಹೋಗಲ್ಲ. ಹತ್ತಿರದವರ ಜೊತೆ ಮಾತಾಡಿ, ಇಲ್ಲಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ನಂಬರ್‌ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮತ್ತೆ ಇವನು ಸಾಯೋಕೆ ಹೇಳ್ತಾನೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ದೊಡ್ಡ ಪುಸ್ತಕದ 69ನೇ ವಿಭಾಗದಲ್ಲಿ ಇದರ ಬಗ್ಗೆಯೇ ಬರೆದಿದಾನೆ, ಆತ್ಮಹತ್ಯೆ ಮಾಡ್ಕೊಳ್ಳೋನಿಗೆ ಬದುಕು ಬೇಡ ಅಂತಲ್ಲ, ಅವನಿಗೆ ಬದುಕು ಬೇಕೇ ಬೇಕು, ಸಿಕ್ಕಿರೋ ಪರಿಸ್ಥಿತಿ ಮಾತ್ರ ಬೇಡ ಅಷ್ಟೇ, ಹಾಗಾಗಿ ಅದರಿಂದ ಯಾವ ಗಂಟೂ ಬಿಚ್ಚಲ್ಲ ಅನ್ನೋದು ಅವನ ವಾದ. ಸತ್ತವರನ್ನ ಅಪರಾಧಿ ಅಂತ ಬೈಯ್ಯೋ ಪಾದ್ರಿಗಳ ಮೇಲೆ ಅವನಿಗೆ ಕೋಪ ಇತ್ತು, ಆದ್ರೆ ದಾರಿ ಅದು ಅಂತ ಅವನು ಎಲ್ಲೂ ಹೇಳ್ಲಿಲ್ಲ.

ಹೆಜ್ಜೆ 1: ಮುದುಕನ ಫೋಟೋ ಬಿಡಿ, ಹುಡುಗನ್ನ ನೋಡಿ

ಬೇರೆ ಎಷ್ಟೋ ತತ್ವಜ್ಞಾನಿಗಳ ಜೀವನ ಗೊತ್ತಿಲ್ಲದೆ ಅವರ ವಿಚಾರ ಓದಬಹುದು, ಇವನ ವಿಷಯದಲ್ಲಿ ಮೊದಲ ಹದಿನೇಳು ವರ್ಷ ಗೊತ್ತಿದ್ರೆ ಅರ್ಧ ಕೆಲಸ ಆದಂಗೆ. ಒಂದು ಸಂಜೆ ಇದಕ್ಕೆ ಕೊಡಿ.

ಹುಟ್ಟಿದ್ದು 1788ರ ಫೆಬ್ರವರಿ 22ಕ್ಕೆ, ಡಾನ್ಸಿಗ್‌ನಲ್ಲಿ, ಈಗ ಅದು ಪೋಲೆಂಡಿನ ಗ್ಡಾನ್ಸ್ಕ್. ಅಪ್ಪ ಹೈನ್ರಿಖ್ ಫ್ಲೋರಿಸ್ ದೊಡ್ಡ ವ್ಯಾಪಾರಿ, ಮಗನೂ ವ್ಯಾಪಾರಕ್ಕೇ ಬರ್ಬೇಕು ಅಂತ ಆರ್ಥರ್ ಅನ್ನೋ ಹೆಸರಿಟ್ಟ, ಯಾಕಂದ್ರೆ ಯೂರೋಪಿನ ಸುಮಾರು ಭಾಷೆಗಳಲ್ಲಿ ಆ ಹೆಸರು ಹಾಗೇ ಇರುತ್ತೆ. 1793ರಲ್ಲಿ ಪ್ರಷ್ಯಾ ಡಾನ್ಸಿಗ್‌ನ ತಗೊಂಡಾಗ ಸ್ವಾಭಿಮಾನದ ಆ ಅಪ್ಪ ಕುಟುಂಬ ಕಟ್ಕೊಂಡು ಹ್ಯಾಂಬರ್ಗ್‌ಗೆ ಹೋದ. ಹುಡುಗನಿಗೆ ಓದೋ ಆಸೆ, ಅಪ್ಪನಿಗೆ ಅದು ಇಷ್ಟ ಇಲ್ಲ, ಹಾಗಾಗಿ ಒಂದು ಆಯ್ಕೆ ಮುಂದಿಟ್ಟ: ಇಲ್ಲೇ ಉಳಿದು ಲ್ಯಾಟಿನ್ ಕಲಿತು ಪಂಡಿತ ಆಗ್ತೀಯಾ, ಇಲ್ಲಾ ನಮ್ಮ ಜೊತೆ ಯೂರೋಪ್ ಟೂರ್‌ಗೆ ಬಂದು ವಾಪಸ್ ಬಂದಮೇಲೆ ವ್ಯಾಪಾರ ಕಲೀತೀಯಾ. ಹದಿನೈದು ವರ್ಷದ ಹುಡುಗ ಏನ್ ಆರಿಸ್ಕೊಳ್ತಾನೆ ಹೇಳಿ, ಟೂರ್‌ಗೆ ಹೊರಟ.

1803ರಿಂದ 1804ರವರೆಗೆ ನಡೆದ ಆ ಪ್ರಯಾಣದಲ್ಲಿ ಅವನು ಬರೆದ ಡೈರಿ ಉಳಿದಿದೆ. ಫ್ರಾನ್ಸಿನ ತೂಲೋನ್ ಬಂದರಲ್ಲಿ ಸರಪಳಿ ಹಾಕಿದ ಕೈದಿಗಳನ್ನ ನೋಡ್ತಾನೆ, ಹಳೇ ಹಡಗುಗಳಲ್ಲೇ ಅವರ ವಾಸ, ಎಷ್ಟೋ ಜನಕ್ಕೆ ಸಾಯೋವರೆಗೂ ಬಿಡುಗಡೆ ಇಲ್ಲ. ಊರು ನೋಡೋಕೆ ಬಂದ ಶ್ರೀಮಂತರ ಮಗ ಅಲ್ಲಿ ನಿಂತು, ಇವರಿಗೆ ನಾಳೆ ಅನ್ನೋದಕ್ಕೆ ಏನರ್ಥ ಅಂತ ಯೋಚನೆ ಮಾಡ್ತಾನೆ. ಸುಮಾರು ಮೂವತ್ತು ವರ್ಷ ಆದಮೇಲೆ ತನ್ನ ಟಿಪ್ಪಣೀಲಿ ಅವನೇ ಬರ್ಕೊಂಡ, ರೋಗ ಮುಪ್ಪು ನೋವು ಸಾವು ನೋಡಿದ ಬುದ್ಧನಿಗೆ ಯೌವನದಲ್ಲಿ ಆದಂಗೆ ನನಗೂ ಹದಿನೇಳನೇ ವಯಸ್ಸಲ್ಲಿ ಬದುಕಿನ ಸಂಕಟ ಬಂದು ಹಿಡ್ಕೊಂಡ್ತು ಅಂತ.

ವಾಪಸ್ ಬಂದು ಕೊಟ್ಟ ಮಾತಿನ ಪ್ರಕಾರ ಲೆಕ್ಕದ ಪುಸ್ತಕದ ಮುಂದೆ ಕೂತ. 1805ರ ಏಪ್ರಿಲ್‌ನಲ್ಲಿ ಅಪ್ಪ ಮನೆ ಹಿಂದಿನ ಕಾಲುವೇಲಿ ಹೆಣವಾಗಿ ಸಿಕ್ಕಿದ, ಗೋದಾಮಿನ ಅಟ್ಟದಿಂದ ಬಿದ್ದದ್ದು, ಆಕಸ್ಮಿಕ ಅಂತ ಹೊರಗೆ ಹೇಳಿದ್ರೂ ಮನೆಯವರಿಗೆ ಆತ್ಮಹತ್ಯೆ ಅನ್ನೋ ಅನುಮಾನ ಹೋಗಲೇ ಇಲ್ಲ. ಅಮ್ಮ ಯೋಹಾನ್ನಾ ಮಗಳು ಆಡೆಲೆಯನ್ನ ಕರ್ಕೊಂಡು ವೈಮಾರ್‌ಗೆ ಹೋಗಿ ಅಲ್ಲಿ ಕವಿ ಗಯಟೆಯಂಥವರು ಬಂದು ಕೂರೋ ಸಾಹಿತ್ಯದ ಮನೆ ನಡೆಸಿದ್ಲು, ಮುಂದೆ ಹೆಸರಾಂತ ಕಾದಂಬರಿಕಾರ್ತಿ ಆದ್ಲು. ಮಗ ಮಾತ್ರ ಸತ್ತ ಅಪ್ಪನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು 1807ರವರೆಗೆ ಹ್ಯಾಂಬರ್ಗ್‌ನಲ್ಲಿ ಇಷ್ಟ ಇಲ್ಲದ ಕೆಲಸ ಮಾಡ್ತಾ ಉಳಿದ. ಕೊನೆಗೆ ಬಿಟ್ಟು ಓದೋಕೆ ಹೋಗು ಅಂತ ಧೈರ್ಯ ಕೊಟ್ಟಿದ್ದು ಅಮ್ಮನೇ, ಇದನ್ನ ಮರೀಬಾರದು, ಯಾಕಂದ್ರೆ ಮುಂದೆ 1814ರಲ್ಲಿ ಇಬ್ಬರೂ ಜಗಳ ಆಡ್ಕೊಂಡು ದೂರ ಆದವರು 1838ರಲ್ಲಿ ಅವಳು ಸಾಯೋವರೆಗೂ ಒಬ್ಬರ ಮುಖ ಒಬ್ಬರು ನೋಡ್ಲಿಲ್ಲ.

ಉಳಿದ ಜೀವನ ಬೇಗ ಹೇಳ್ತೀನಿ. ಗಟಿಂಗನ್, ಬರ್ಲಿನ್‌ನಲ್ಲಿ ಓದು, 1813ರಲ್ಲಿ ಡಾಕ್ಟರೇಟ್, 1818ರಲ್ಲಿ ಮೂವತ್ತು ವರ್ಷಕ್ಕೇ ತನ್ನ ಮುಖ್ಯ ಪುಸ್ತಕ ಮುಗಿಸಿದ, ಯಾರೂ ಕೊಳ್ಳಲಿಲ್ಲ, ಪ್ರತಿಗಳಲ್ಲಿ ಹೆಚ್ಚಿನವು ರದ್ದಿಗೆ ಹೋದವು. 1820ರಲ್ಲಿ ಬರ್ಲಿನ್ ಯೂನಿವರ್ಸಿಟೀಲಿ ಆಗ ದೊಡ್ಡ ಹೆಸರಿದ್ದ ತತ್ವಜ್ಞಾನಿ ಹೆಗೆಲ್ ಪಾಠ ಮಾಡೋ ಟೈಮಿಗೇ ಹಟ ಹಿಡಿದು ತನ್ನ ಪಾಠ ಇಟ್ಕೊಂಡ, ಅಲ್ಲಿ ಹಾಲ್ ತುಂಬಿ ತುಳುಕ್ತಿತ್ತು, ಇಲ್ಲಿ ಬೆರಳೆಣಿಕೆ ಜನ. 1831ರಲ್ಲಿ ಕಾಲರಾ ಬಂತು, ಊರು ಬಿಟ್ಟ, 1833ರಿಂದ ಸಾಯೋವರೆಗೂ ಫ್ರಾಂಕ್‌ಫರ್ಟ್‌ನಲ್ಲಿ ಒಬ್ಬನೇ ಇದ್ದ, ಜೊತೆಗೊಂದು ಪೂಡಲ್ ನಾಯಿ, ಒಂದು ಸತ್ತರೆ ಇನ್ನೊಂದು, ಅವುಗಳನ್ನ ಆತ್ಮ ಅಂತ ಕರೀತಿದ್ದ. ಅಪ್ಪನ ದುಡ್ಡು ಇದ್ದಿದ್ರಿಂದ ಯಾರ ಹಂಗೂ ಇಲ್ಲದೆ ಬರೆದ, ಬೆಳಿಗ್ಗೆ ಬರವಣಿಗೆ, ಮಧ್ಯಾಹ್ನ ಕೊಳಲು, ಹೋಟೆಲಲ್ಲಿ ಊಟ, ಸಂಜೆ ಮಳೆ ಇರಲಿ ಚಳಿ ಇರಲಿ ವಾಕಿಂಗ್. ಹೆಸರು ಬಂದಿದ್ದು ಅರವತ್ತು ದಾಟಿದ ಮೇಲೆ, 1853ರಲ್ಲಿ ಜಾನ್ ಆಕ್ಸೆನ್‌ಫರ್ಡ್ ಅನ್ನೋರು ಇಂಗ್ಲಿಷ್ ಪತ್ರಿಕೇಲಿ ಬರೆದ ಲೇಖನದಿಂದ. 1860ರ ಸೆಪ್ಟೆಂಬರ್ 21ಕ್ಕೆ ತೀರಿಕೊಂಡ. ಸಮಾಧಿ ಕಲ್ಲಿನ ಮೇಲೆ ಹೆಸರು ಬಿಟ್ರೆ ಇನ್ನೊಂದಕ್ಷರ ಇಲ್ಲ, ಹಾಗೇ ಇರ್ಬೇಕು ಅಂತ ಅವನೇ ಹೇಳಿದ್ದ.

ಹೆಜ್ಜೆ 2: ಓದನ್ನ 1851ರ ಪ್ರಬಂಧಗಳಿಂದ ಶುರು ಮಾಡಿ

ಅವನ ಕೊನೇ ದೊಡ್ಡ ಕೃತಿ ಪರೆರ್ಗಾ ಮತ್ತು ಪಾರಲಿಪೊಮೆನಾ, ಹೆಸರು ಕೇಳಿ ಹೆದರಬೇಡಿ, ಮುಖ್ಯ ಪುಸ್ತಕದಲ್ಲಿ ಹಿಡಿಸದೆ ಉಳಿದ ಸಣ್ಣ ದೊಡ್ಡ ಬರಹಗಳ ಗಂಟು ಅಂತ ತಿಳ್ಕೊಳ್ಳಿ. 1851ರಲ್ಲಿ ಇದನ್ನ ಅಚ್ಚು ಹಾಕಿದಾಗ ಸಂಭಾವನೆ ಅಂತ ಅವನಿಗೆ ಸಿಕ್ಕಿದ್ದು ಹತ್ತು ಉಚಿತ ಪ್ರತಿ ಮಾತ್ರ, ಅವನಿಗೆ ಓದುಗರನ್ನ ತಂದುಕೊಟ್ಟಿದ್ದೂ ಇದೇ ಪುಸ್ತಕ. ಬೇಲಿ ಸಾಂಡರ್ಸ್ ಮಾಡಿದ ಹಳೇ ಇಂಗ್ಲಿಷ್ ಅನುವಾದಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗ್ತವೆ.

ಮೊದಲು ಓದುವಿಕೆ ಮತ್ತು ಪುಸ್ತಕಗಳ ಬಗ್ಗೆ ಬರೆದಿರೋ ಪ್ರಬಂಧ ತಗೊಳ್ಳಿ, ಕೆಲವೇ ಪುಟ. ನಾವು ಓದ್ತಿರುವಾಗ ನಮ್ಮ ಬದಲು ಬೇರೆಯವರು ಯೋಚನೆ ಮಾಡ್ತಿರ್ತಾರೆ, ಹಾಗಾಗಿ ಬರೀ ಓದ್ತಾನೇ ಇದ್ರೆ ಸ್ವಂತ ಯೋಚನೆ ಮಾಡೋ ಶಕ್ತೀನೇ ಹೋಗುತ್ತೆ ಅಂತಾನೆ, ದಿನಾ ನೂರು ಪೋಸ್ಟ್ ಸ್ಕ್ರೋಲ್ ಮಾಡೋ ನಮಗೆ ಇದು ನೇರವಾಗಿ ಬಂದು ತಾಗುತ್ತೆ. ಆಮೇಲೆ ಬದುಕಿನ ಜಾಣತನದ ಬಗ್ಗೆ ಇರೋ ಉದ್ದದ ಬರಹ ಓದಿ, ಮನುಷ್ಯ ಏನಾಗಿದಾನೆ, ಅವನ ಹತ್ರ ಏನಿದೆ, ಬೇರೆಯವರ ಕಣ್ಣಲ್ಲಿ ಏನು ಅಂತ ಮೂರು ಭಾಗ ಮಾಡಿ ಮೊದಲನೇದರ ಮುಂದೆ ಉಳಿದೆರಡು ಏನೂ ಅಲ್ಲ ಅಂತ ತೋರಿಸ್ತಾನೆ.

ಮುಳ್ಳುಹಂದಿ ಕಥೆ ಅಂತೂ ಹುಡುಕಿಯಾದ್ರೂ ಓದಿ. ಚಳೀಲಿ ಮುಳ್ಳುಹಂದಿಗಳು ಬಿಸಿಗೋಸ್ಕರ ಹತ್ತಿರ ಬರ್ತವೆ, ಮುಳ್ಳು ಚುಚ್ಚುತ್ತೆ, ದೂರ ಹೋಗ್ತವೆ, ಚಳಿ ಆಗುತ್ತೆ, ಮತ್ತೆ ಹತ್ತಿರ ಬರ್ತವೆ, ಹೀಗೇ ಆಡಿ ಆಡಿ ಕೊನೆಗೆ ಸಹಿಸ್ಕೊಳ್ಳೋ ಅಷ್ಟು ದೂರ ಕಂಡ್ಕೊಳ್ತವೆ, ಮನುಷ್ಯರ ಮರ್ಯಾದೆ ರೀತಿನೀತಿ ಅನ್ನೋದೂ ಅದೇ ದೂರ. ಅಪ್ಪನ್ನ ಕಾಲುವೇಲಿ ಕಳ್ಕೊಂಡ, ಅಮ್ಮನ ಮನೆ ಬಾಗಿಲು ಮುಚ್ಚಿಸ್ಕೊಂಡ ಮನುಷ್ಯ ಇದನ್ನ ಬರೆದ ಅಂತ ಗೊತ್ತಿದ್ದು ಓದಿದ್ರೆ ಆ ಅರ್ಧ ಪುಟ ಬೇರೆ ಥರ ಕೇಳ್ಸುತ್ತೆ.

ಹೆಜ್ಜೆ 3: ಕಾಂಟ್ ಸ್ವಲ್ಪ ಸಾಕು

ಇವನಿಗಿಂತ ಮುಂಚಿನ ಜರ್ಮನ್ ತತ್ವಜ್ಞಾನಿ ಕಾಂಟ್‌ನ ಪೂರ್ತಿ ಓದದೆ ಇವನು ಅರ್ಥ ಆಗಲ್ಲ ಅಂತ ಹೆದರಿಸೋರು ಇದಾರೆ. ಇವನೇ ಮುನ್ನುಡೀಲಿ ಕಾಂಟ್ ಗೊತ್ತಿರ್ಬೇಕು ಅಂತ ಕೇಳ್ತಾನೆ, ಅದು ನಿಜ. ಆದ್ರೆ ಶುರು ಮಾಡೋಕೆ ಒಂದೇ ವಿಚಾರ ಸಾಕು.

ಇಡ್ಲಿ ತಟ್ಟೆ ನೆನಪು ಮಾಡ್ಕೊಳ್ಳಿ. ಹಿಟ್ಟು ಯಾವುದೇ ಇರ್ಲಿ, ಅಕ್ಕಿದು ರವೆದು ರಾಗಿದು, ಬೆಂದು ಹೊರಗೆ ಬರೋದು ಗುಂಡಗೇ. ಗುಂಡಗಿರೋದು ಹಿಟ್ಟಿನ ಗುಣ ಅಲ್ಲ, ತಟ್ಟೆದು. ಕಾಂಟ್ ಹೇಳೋದೂ ಇದನ್ನೇ, ಕಾಲ, ಜಾಗ, ಒಂದರಿಂದ ಇನ್ನೊಂದು ಆಗೋ ಕಾರಣದ ಸರಪಳಿ, ಇವೆಲ್ಲಾ ನಮ್ಮ ಬುದ್ಧಿಯ ತಟ್ಟೆ. ನಮಗೆ ಸಿಗೋ ಜಗತ್ತು ಯಾವಾಗ್ಲೂ ಈ ತಟ್ಟೇಲಿ ಬೆಂದ ಜಗತ್ತೇ, ಹಿಟ್ಟು ಹಿಟ್ಟಾಗಿ ಹೇಗಿತ್ತು ಅಂತ ನೋಡೋಕೆ ದಾರಿ ಇಲ್ಲ. ಹೀಗೆ ಬೆಂದು ಬಂದ ಜಗತ್ತನ್ನ ಶೋಪೆನ್‌ಹೌವರ್ ಜರ್ಮನ್‌ನಲ್ಲಿ ಫೋರ್‌ಷ್ಟೆಲುಂಗ್ ಅಂತಾನೆ, ಕನ್ನಡದಲ್ಲಿ ತೋರಿಕೆ ಅನ್ನಬಹುದು, ಸುಳ್ಳು ತೋರಿಕೆ ಅನ್ನೋ ಅರ್ಥದಲ್ಲಿ ಅಲ್ಲ, ನಮಗೆ ತೋರೋದು ಅನ್ನೋ ಅರ್ಥದಲ್ಲಿ.

ಕಾಂಟ್ ಅಲ್ಲಿಗೆ ಕೈ ಮುಗಿದು ನಿಂತ. ಶೋಪೆನ್‌ಹೌವರ್ ನಿಲ್ಲಲಿಲ್ಲ.

ಹೆಜ್ಜೆ 4: ‘ಬೇಕು’ ಅನ್ನೋ ಪದದ ಮುಂದೆ ಕೂತ್ಕೊಳ್ಳಿ

ಇದು ಇಡೀ ದಾರೀಲಿ ಮುಖ್ಯವಾದ ಹೆಜ್ಜೆ, ಇಲ್ಲಿ ಅವಸರ ಮಾಡಬೇಡಿ, ಒಂದು ವಾರ ತಗೊಳ್ಳಿ.

ಅವನ ಪ್ರಶ್ನೆ ಇಷ್ಟು: ಜಗತ್ತಲ್ಲಿ ಎಲ್ಲವನ್ನೂ ನಾನು ಹೊರಗಡೆಯಿಂದಲೇ ನೋಡ್ತೀನಿ, ಕಲ್ಲು, ಮರ, ಎದುರುಮನೆಯವರು. ಆದ್ರೆ ಒಂದೇ ಒಂದು ವಸ್ತುವನ್ನ ಒಳಗಡೆಯಿಂದಲೂ ಬಲ್ಲೆ, ಅದು ನನ್ನ ಮೈ. ನಿಮ್ಮ ಕೈಯನ್ನ ಮೇಜಿನ ಮೇಲಿಟ್ಟು ನೋಡಿ, ಹೊರಗಿಂದ ಅದು ಚರ್ಮ ಮೂಳೆ ರಕ್ತ, ಮೇಜಿನ ಥರ ಅದೂ ಒಂದು ವಸ್ತು. ಈಗ ಬಿಸಿ ಕಾಫಿ ಲೋಟದ ಕಡೆ ಆ ಕೈ ಚಾಚಿ, ಆಗ ಒಳಗಡೆ ಒಂದು ಎಳೆತ ಇದೆಯಲ್ಲ, ಅದನ್ನ ಯಾವ ಮೈಕ್ರೋಸ್ಕೋಪೂ ತೋರಿಸಲ್ಲ ಆದ್ರೆ ನಿಮಗೆ ಅದು ಬೇರೆಲ್ಲಕ್ಕಿಂತ ಚೆನ್ನಾಗಿ ಗೊತ್ತು. ಆ ಎಳೆತಕ್ಕೆ ಅವನು ವಿಲ್ಲೆ ಅಂತ ಹೆಸರಿಟ್ಟ, ಇಂಗ್ಲಿಷ್‌ನಲ್ಲಿ ವಿಲ್ ಅಂತಾರೆ.

ಕನ್ನಡದಲ್ಲಿ ಇದನ್ನ ಇಚ್ಛೆ, ಸಂಕಲ್ಪ ಅಂತ ಬರೆಯೋದು ರೂಢಿ. ನನಗೆ ಇದು ದಾರಿ ತಪ್ಪಿಸುತ್ತೆ ಅನ್ಸುತ್ತೆ, ಯಾಕಂದ್ರೆ ಸಂಕಲ್ಪ ಅಂದ ಕೂಡ್ಲೇ ಮಾಡೋನೊಬ್ಬ ಬೇಕು, ಯೋಚಿಸಿ ನಿರ್ಧಾರ ತಗೊಳ್ಳೋನು. ಶೋಪೆನ್‌ಹೌವರ್ ಹೇಳೋ ವಿಲ್ ಹಿಂದೆ ಅಂಥವನು ಯಾರೂ ಇಲ್ಲ, ಅದು ಕುರುಡು, ಅದಕ್ಕೆ ಗುರಿ ಇಲ್ಲ. ಇದಕ್ಕೆ ನಮ್ಮ ‘ಬೇಕು’ ಎಷ್ಟು ಹೊಂದುತ್ತೆ ನೋಡಿ. ನಾವು ‘ನಾನು ಬೇಕು’ ಅಂತ ಹೇಳಲ್ಲ, ‘ನನಗೆ ಬೇಕು’ ಅಂತೀವಿ, ನನಗೆ ಹಸಿವಾಯ್ತು, ನನಗೆ ಸಿಟ್ಟು ಬಂತು, ನನಗೆ ಆಸೆ ಆಯ್ತು. ಮಾಡೋನು ನಾನಲ್ಲ, ನನ್ನ ಮೇಲೆ ಅದು ಬಂದು ಆಗೋದು. ಅವನು ನೂರಾರು ಪುಟ ವಾದ ಮಾಡಿ ತೋರಿಸೋದನ್ನ ನಮ್ಮ ವ್ಯಾಕರಣ ಅಡುಗೆಮನೇಲೇ ಹೇಳ್ತಾ ಇರುತ್ತೆ. ಅದಕ್ಕೇ ಪುಸ್ತಕದಲ್ಲಿ ವಿಲ್ ಅಂತ ಬಂದ ಕಡೆಯೆಲ್ಲ ಮನಸ್ಸಲ್ಲಿ ‘ಬೇಕು’ ಅಂತ ಓದ್ಕೊಳ್ಳಿ, ನಾನು ಹಾಗೆ ಓದೋಕೆ ಶುರು ಮಾಡಿದ ಮೇಲೇ ಅವನು ನನಗೆ ಹತ್ತಿರ ಆಗಿದ್ದು.

ಇಚ್ಛಾ ಸ್ವಾತಂತ್ರ್ಯದ ಬಗ್ಗೆ ಅವನು ಬರೆದ ಪ್ರಬಂಧಕ್ಕೆ 1839ರಲ್ಲಿ ನಾರ್ವೆಯ ರಾಯಲ್ ಸೊಸೈಟಿ ಬಹುಮಾನ ಕೊಡ್ತು, ಅದರ ತಿರುಳನ್ನೂ ಈ ಪದದಲ್ಲೇ ಹೇಳಬಹುದು: ನನಗೆ ಬೇಕಾದ್ದನ್ನ ನಾನು ಮಾಡಬಹುದು, ಆದ್ರೆ ನನಗೆ ಏನು ಬೇಕಾಗಬೇಕು ಅನ್ನೋದು ನನ್ನ ಕೈಲಿಲ್ಲ.

ಇಲ್ಲಿಂದ ಅವನು ದೊಡ್ಡ ಜಿಗಿತ ಜಿಗೀತಾನೆ. ನನ್ನೊಳಗೆ ಹೀಗಿದ್ರೆ ಬೇರೆ ಎಲ್ಲದರ ಒಳಗೂ ಇದೇ ಇರ್ಬೇಕು, ನೀರು ಹುಡುಕ್ಕೊಂಡು ಹೋಗೋ ಬೇರಲ್ಲಿ, ಉತ್ತರಕ್ಕೆ ತಿರುಗೋ ಸೂಜಿಗಲ್ಲಲ್ಲಿ, ಕೆಳಕ್ಕೆ ಬೀಳೋ ಕಲ್ಲಲ್ಲಿ, ಒಂದೇ ಬೇಕು ಬೇರೆ ಬೇರೆ ವೇಷದಲ್ಲಿ. ಇದನ್ನ ಒಪ್ಪಲೇಬೇಕು ಅಂತೇನಿಲ್ಲ, ನನಗೇ ಕಲ್ಲಿನ ವಿಷಯದಲ್ಲಿ ಇನ್ನೂ ಅನುಮಾನ ಇದೆ. ಆದ್ರೆ ಓದುವಾಗ ಒಪ್ಪಿದಂಗೆ ಇಟ್ಕೊಂಡು ಮುಂದೆ ಹೋಗಿ, ಇಲ್ಲಾಂದ್ರೆ ಕರುಣೆ ಎಲ್ಲಿಂದ ಬಂತು ಅಂತ ಆಮೇಲೆ ಗೊತ್ತಾಗಲ್ಲ.

ಹೆಜ್ಜೆ 5: ಈಗ ದೊಡ್ಡ ಪುಸ್ತಕ, ಆದ್ರೆ ಈ ಕ್ರಮದಲ್ಲಿ

ಬೇಕು ಮತ್ತು ತೋರಿಕೆಯಾಗಿ ಜಗತ್ತು, ಇದು ಮುಖ್ಯ ಪುಸ್ತಕ, ಇಂಗ್ಲಿಷ್‌ನಲ್ಲಿ ದಿ ವರ್ಲ್ಡ್ ಆಸ್ ವಿಲ್ ಆಂಡ್ ರೆಪ್ರೆಸೆಂಟೇಷನ್ ಅಂತ ಹುಡುಕಿ. 1818ರ ಕೊನೇಲಿ ಲೈಪ್‌ಜಿಗ್‌ನಲ್ಲಿ ಬ್ರಾಕ್‌ಹೌಸ್ ಪ್ರಕಾಶನದಿಂದ ಬಂತು, ಒಳಗೆ 1819 ಅಂತ ಅಚ್ಚಾಗಿದೆ. 1844ರಲ್ಲಿ ಎರಡನೇ ಸಂಪುಟ ಸೇರಿಸಿದ, ಅದು ಮೊದಲನೇದಕ್ಕೆ ವಿವರಣೆ ಥರ, ಸದ್ಯಕ್ಕೆ ಬೇಡ. ಮೊದಲ ಸಂಪುಟದಲ್ಲಿ ನಾಲ್ಕು ಭಾಗ, ಒಟ್ಟು 71 ವಿಭಾಗ.

ಯಾವ ಅನುವಾದ ಅಂತ ಕೇಳಿದ್ರೆ, ಪೇನ್ 1958ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಸ್ಪಷ್ಟವಾಗಿದೆ, ಸಿಕ್ಕಿದ್ರೆ ಅದೇ ತಗೊಳ್ಳಿ. ಪುಕ್ಕಟೆ ಸಿಗೋದು 1880ರ ದಶಕದ ಹಾಲ್ಡೇನ್ ಮತ್ತು ಕೆಂಪ್ ಅವರದ್ದು, ಅದರಲ್ಲಿ ಒಂದು ತೊಡಕಿದೆ, ತೋರಿಕೆಗೂ ಐಡಿಯಾ ಅನ್ನೋ ಪದ, ವಸ್ತುಗಳ ಹಿಂದಿರೋ ಬದಲಾಗದ ಮೂಲರೂಪ ಅಂತ ಪ್ಲೇಟೋ ಹೇಳೋ ಐಡಿಯಾಗೂ ಅದೇ ಪದ, ಮೊದಲಕ್ಷರ ಸಣ್ಣದೋ ದೊಡ್ಡದೋ ಅನ್ನೋದಷ್ಟೇ ವ್ಯತ್ಯಾಸ. ನಾನು ಮೊದಲ ಸಲ ಮುಗ್ಗರಿಸಿದ್ದು ಇಲ್ಲೇ, ಹಾಗಾಗಿ ಪೆನ್ಸಿಲ್ ಹಿಡ್ಕೊಂಡು ಗುರುತು ಹಾಕ್ತಾ ಓದಿ.

ಎರಡನೇ ಭಾಗದಿಂದ ಶುರು ಮಾಡಿ, 17ರಿಂದ 29ನೇ ವಿಭಾಗ. 18ನೇದನ್ನ ಎರಡು ಸಲ ಓದಿ, ಮೈಯನ್ನ ಎರಡು ಕಡೆಯಿಂದ ಬಲ್ಲೆ ಅನ್ನೋ ಮಾತು ಇರೋದು ಅಲ್ಲೇ. ಅಲ್ಲಿಂದ ನೇರ ನಾಲ್ಕನೇ ಭಾಗದ 56ರಿಂದ 59ಕ್ಕೆ ಹೋಗಿ. ಲೋಕಕ್ಕೆಲ್ಲ ಗೊತ್ತಿರೋ ನಿರಾಶಾವಾದ ಇಲ್ಲಿದೆ, ಬೇಕಾದ್ದು ಸಿಗದಿದ್ರೆ ನೋವು, ಸಿಕ್ಕಿಬಿಟ್ರೆ ಬೇಜಾರು, ಗಡಿಯಾರದ ಲೋಲಕದ ಥರ ಬದುಕು ಇವೆರಡರ ಮಧ್ಯೆ ತೂಗ್ತಿರುತ್ತೆ. ಸುಖ ಅನ್ನೋದು ನೋವು ನಿಂತಿದ್ದಕ್ಕೆ ಇಟ್ಟ ಹೆಸರು ಅಷ್ಟೇ ಅಂತಾನೆ. ಮೈಯೆಲ್ಲಾ ಆರೋಗ್ಯವಾಗಿದ್ರೂ ಅದು ಗಮನಕ್ಕೇ ಬರಲ್ಲ, ಚಪ್ಪಲಿ ಕಚ್ಚೋ ಆ ಒಂದು ಚುಕ್ಕೆ ಮಾತ್ರ ಗೊತ್ತಾಗುತ್ತೆ, ಈ ಉದಾಹರಣೆ ಅವನದ್ದೇ, ಪ್ರಬಂಧಗಳಲ್ಲಿ ಬರುತ್ತೆ. ಇದನ್ನ ಓದಿ ಪುಸ್ತಕ ಮುಚ್ಚಬೇಡಿ, ದಯವಿಟ್ಟು. ಇಂಟರ್ನೆಟ್‌ನ ಶೋಪೆನ್‌ಹೌವರ್ ನಿಂತಿರೋದೇ ಈ ನಾಲ್ಕು ವಿಭಾಗದ ಮೇಲೆ, ಆಮೇಲಿಂದು ಯಾರೂ ಶೇರ್ ಮಾಡಲ್ಲ.

ತಕ್ಷಣ ಮೂರನೇ ಭಾಗಕ್ಕೆ ಹಿಂದಕ್ಕೆ ಬನ್ನಿ, 38ನೇ ವಿಭಾಗ. ಗ್ರೀಕ್ ಪುರಾಣದಲ್ಲಿ ಇಕ್ಸಿಯಾನ್ ಅಂತ ಒಬ್ಬನಿದಾನೆ, ಉರಿಯೋ ಚಕ್ರಕ್ಕೆ ಕಟ್ಟಿ ಹಾಕಿದಾರೆ, ಅದು ನಿಲ್ಲದೆ ತಿರುಗ್ತಾನೇ ಇರುತ್ತೆ. ಏನೋ ಸುಂದರವಾದದ್ದನ್ನ ನೋಡ್ತಾ ನಮ್ಮನ್ನೇ ಮರೆತಾಗ ಆ ಚಕ್ರ ನಿಲ್ಲುತ್ತೆ ಅಂತಾನೆ ಶೋಪೆನ್‌ಹೌವರ್, ಆ ಗಳಿಗೇಲಿ ನಮಗೆ ಏನೂ ಬೇಡ, ಜೈಲಿಂದ ನೋಡಿದ್ರೂ ಅರಮನೆಯಿಂದ ನೋಡಿದ್ರೂ ಸೂರ್ಯ ಮುಳುಗೋದು ಒಂದೇ. ಆಮೇಲೆ 52, ಸಂಗೀತದ ಬಗ್ಗೆ. ಚಿತ್ರ ಶಿಲ್ಪ ಕಾವ್ಯ ಎಲ್ಲಾ ಲೋಕದ ವಸ್ತುಗಳನ್ನ ತೋರಿಸ್ತವೆ, ಸಂಗೀತ ಮಾತ್ರ ಏನನ್ನೂ ತೋರಿಸದೆ ಆ ಬೇಕನ್ನೇ ನೇರ ಕೇಳ್ಸುತ್ತೆ ಅಂತ ಅವನ ಸಿದ್ಧಾಂತ. ಜರ್ಮನ್ ಸಂಗೀತಗಾರ ವಾಗ್ನರ್ 1854ರಲ್ಲಿ ಇದನ್ನೆಲ್ಲ ಓದಿ ತನ್ನ ಒಪೆರಾಗೆ ಬರೆದ ಕಾವ್ಯದ ಪ್ರತಿಯನ್ನೇ ಗೌರವದಿಂದ ಕಳಿಸಿಕೊಟ್ಟಿದ್ದ. ಓದೋ ದಿನ ನಿಮಗೆ ಇಷ್ಟ ಆಗೋ ಒಂದು ರಾಗದ ಆಲಾಪ ಹಾಕ್ಕೊಂಡು ಕೇಳಿ, ಮಾತಿಲ್ಲದ ಕಡೆ, ಎದೆ ಹಿಂಡ್ತಿದೆ ಆದ್ರೆ ಯಾವ ದುಃಖ ಅಂತ ಹೇಳೋಕಾಗ್ತಿಲ್ಲ ಅನ್ನಿಸುತ್ತಲ್ಲ, ಅವನು ಅದನ್ನೇ ಹೇಳ್ತಿರೋದು.

ಹೆಜ್ಜೆ 6: ಕರುಣೆ

ಇಲ್ಲಿಗೆ ಬರೋಕೇ ಇಷ್ಟು ದೂರ ನಡೆದಿದ್ದು. ನಾಲ್ಕನೇ ಭಾಗದ 66 ಮತ್ತು 67ನೇ ವಿಭಾಗ ಓದಿ, ಅದರ ಜೊತೆಗೆ ನೈತಿಕತೆಯ ತಳಹದಿ ಬಗ್ಗೆ ಅವನು ಬರೆದ ಪ್ರಬಂಧ.

ಆ ಪ್ರಬಂಧಕ್ಕೂ ಒಂದು ಕಥೆ ಇದೆ. ಡೆನ್ಮಾರ್ಕಿನ ರಾಯಲ್ ಸೊಸೈಟಿ ಸ್ಪರ್ಧೆ ಇಟ್ಟಿತ್ತು, ಬಂದಿದ್ದು ಇವನದೊಂದೇ ಪ್ರಬಂಧ, ಆದ್ರೂ 1840ರಲ್ಲಿ ಬಹುಮಾನ ಕೊಡಲ್ಲ ಅಂದ್ರು, ಈ ಕಾಲದ ದೊಡ್ಡ ತತ್ವಜ್ಞಾನಿಗಳ ಬಗ್ಗೆ ಮರ್ಯಾದೆ ಇಲ್ಲದೆ ಬರೆದಿದಾನೆ ಅನ್ನೋದೂ ಅವರ ಒಂದು ಕಾರಣ. 1841ರಲ್ಲಿ ಅಚ್ಚು ಹಾಕಿಸುವಾಗ ಬಹುಮಾನ ಸಿಗದ ಪ್ರಬಂಧ ಅಂತ ಶೀರ್ಷಿಕೆ ಪುಟದಲ್ಲೇ ಹಾಕಿಸಿದ.

ಮನುಷ್ಯ ಯಾಕೆ ಏನಾದ್ರೂ ಮಾಡ್ತಾನೆ? ನನಗೆ ಒಳ್ಳೇದಾಗಲಿ ಅನ್ನೋ ಸ್ವಾರ್ಥ, ಅವನಿಗೆ ಕೆಟ್ಟದಾಗಲಿ ಅನ್ನೋ ಕೇಡು, ಅವನಿಗೆ ಒಳ್ಳೇದಾಗಲಿ ಅನ್ನೋ ಕರುಣೆ. ಮೂರನೇದರಿಂದ ಹುಟ್ಟಿದ್ದಕ್ಕೆ ಮಾತ್ರ ನೈತಿಕ ಬೆಲೆ ಅಂತಾನೆ. ದೇವರ ಭಯಕ್ಕೋ ಸ್ವರ್ಗದ ಆಸೆಗೋ ಒಳ್ಳೇದು ಮಾಡಿದ್ರೆ ಅದು ದೂರದ ಲೆಕ್ಕಾಚಾರದ ಸ್ವಾರ್ಥ, ಕರ್ತವ್ಯ ಅಂತ ಮಾಡು ಅನ್ನೋ ಕಾಂಟ್‌ನ ಮಾತೂ ಅವನಿಗೆ ಒಪ್ಪಿಗೆ ಇಲ್ಲ. ಸರಿ, ಆದ್ರೆ ಕರುಣೆ ಸಾಧ್ಯ ಆಗೋದಾದ್ರೂ ಹೇಗೆ, ಅವನ ಕಾಲಿಗೆ ಮುಳ್ಳು ಚುಚ್ಚಿದ್ರೆ ನನಗ್ಯಾಕೆ ಚುರುಕ್ ಅನ್ನಬೇಕು? ನಾಲ್ಕನೇ ಹೆಜ್ಜೇಲಿ ಒಪ್ಪಿದಂಗೆ ಇಟ್ಕೊಂಡ ಮಾತು ಇಲ್ಲಿ ಕೆಲಸಕ್ಕೆ ಬರುತ್ತೆ. ನಾನು ಬೇರೆ ಅವನು ಬೇರೆ ಅಂತ ಮಾಡಿರೋದು ಕಾಲ ಮತ್ತು ಜಾಗ, ಅಂದ್ರೆ ಆ ಇಡ್ಲಿ ತಟ್ಟೆ. ಹಿಟ್ಟು ಒಂದೇ. ಹಿಂಸೆ ಕೊಡೋನೂ ಹಿಂಸೆ ಅನುಭವಿಸೋನೂ ಒಳಗೆ ಒಂದೇ ಬೇಕು, ತನ್ನ ಹಲ್ಲಿಂದ ತನ್ನ ಮಾಂಸಾನೇ ಕಚ್ಕೊಳ್ತಿದೆ. ಕರುಣೆ ಹುಟ್ಟಿದ ಗಳಿಗೇಲಿ ಮನುಷ್ಯನಿಗೆ ಈ ಸತ್ಯ ಯಾವ ಪುಸ್ತಕದ ಸಹಾಯವೂ ಇಲ್ಲದೆ ಗೊತ್ತಾಗಿರುತ್ತೆ.

ಪ್ರಾಣಿಗಳ ಬಗ್ಗೆ ಅವನು ಬರೆದದ್ದು ಇಲ್ಲಿಂದಲೇ ಬಂದಿದ್ದು. ಪ್ರಾಣಿಗಳು ಬರೀ ವಸ್ತುಗಳು, ಅವುಗಳ ಕಡೆಗೆ ನಮಗೆ ನೇರವಾದ ಕರ್ತವ್ಯ ಇಲ್ಲ ಅನ್ನೋ ಯೂರೋಪಿನ ಮಾತನ್ನ, ಅದನ್ನ ಹೇಳಿದ ಕಾಂಟ್‌ನೂ ಸೇರಿಸಿ, ಅವನು ಕಟುವಾಗಿ ಖಂಡಿಸ್ತಾನೆ. 1840ರ ಯೂರೋಪಲ್ಲಿ ಹೀಗೆ ಬರೆಯೋ ತತ್ವಜ್ಞಾನಿಗಳು ತುಂಬಾ ಕಮ್ಮಿ. ಅದೇ ಪ್ರಬಂಧದಲ್ಲಿ ಭಾರತದ ಹಳೇ ನಾಟಕಗಳ ಕೊನೇಲಿ ಬರೋ ಪ್ರಾರ್ಥನೆ ನೆನಪು ಮಾಡ್ಕೊಳ್ತಾನೆ, ಎಲ್ಲಾ ಜೀವಿಗಳೂ ನೋವಿಂದ ಬಿಡುಗಡೆ ಹೊಂದಲಿ ಅಂತ, ಇದಕ್ಕಿಂತ ಸುಂದರವಾದ ಪ್ರಾರ್ಥನೆ ನನಗೆ ಗೊತ್ತಿಲ್ಲ ಅಂತಾನೆ. ನಾನು ಇದನ್ನ ಮೊದಲು ಓದಿದ್ದು ಬಸ್ಸಲ್ಲಿ ಕೂತು, ಇಳಿಯೋ ಸ್ಟಾಪ್ ದಾಟಿ ಹೋಗಿದ್ದೆ.

ಹೆಜ್ಜೆ 7: ಉಪನಿಷತ್ತಿನ ಹತ್ರ ಸ್ವಲ್ಪ ನಿಧಾನ

ನಮ್ಮವರು ಇಲ್ಲಿಗೆ ಬಂದ ತಕ್ಷಣ ಇದೆಲ್ಲಾ ನಮ್ಮಲ್ಲೇ ಇದೆಯಲ್ಲ ಅಂತಾರೆ. ಇದೆ, ಅವನೂ ಮುಚ್ಚಿಟ್ಟಿಲ್ಲ. ಮೊಘಲ್ ರಾಜಕುಮಾರ ದಾರಾ ಶಿಕೋ 1657ರಲ್ಲಿ ಐವತ್ತು ಉಪನಿಷತ್ತುಗಳನ್ನ ಪರ್ಷಿಯನ್‌ಗೆ ಮಾಡಿಸಿದ, ಅದನ್ನ ಫ್ರಾನ್ಸಿನ ಆಂಕ್ವೆಟಿಲ್ ಡ್ಯುಪೆರಾನ್ ಲ್ಯಾಟಿನ್‌ಗೆ ತಂದು 1801 ಮತ್ತು 1802ರಲ್ಲಿ ಔಪ್ನೆಖತ್ ಅನ್ನೋ ಹೆಸರಲ್ಲಿ ಅಚ್ಚು ಹಾಕಿಸಿದ, ಶೋಪೆನ್‌ಹೌವರ್ 1814ರಲ್ಲಿ ವೈಮಾರ್ ಲೈಬ್ರರಿಯಿಂದ ಅದನ್ನ ಮನೆಗೆ ತಂದ. ಅದು ನನ್ನ ಬದುಕಿನ ಸಮಾಧಾನ, ಸಾವಿಗೂ ಅದೇ ಸಮಾಧಾನ ಅಂತ ಮುಪ್ಪಲ್ಲಿ ಬರೆದ. ತತ್ತ್ವಮಸಿ, ಅಂದ್ರೆ ಅದೇ ನೀನು, ಅನ್ನೋ ಮಾತನ್ನ ಕರುಣೆಯ ಸೂತ್ರ ಅಂತಲೇ ಮತ್ತೆ ಮತ್ತೆ ಬಳಸ್ತಾನೆ.

ಆದ್ರೆ ಅವನ ಬೇಕು ನಮ್ಮ ಬ್ರಹ್ಮ ಅಲ್ಲ. ವೇದಾಂತದಲ್ಲಿ ಎಲ್ಲದರ ತಳದಲ್ಲಿರೋದು ಸತ್, ಚಿತ್, ಆನಂದ. ಇವನಿಗೆ ತಳದಲ್ಲಿ ಕಾಣೋದು ಕುರುಡು ಹಸಿವು, ಅದಕ್ಕೆ ಅರಿವೂ ಇಲ್ಲ ಆನಂದವೂ ಇಲ್ಲ. ಅಲ್ಲಿ ಮೂಲವನ್ನ ಸೇರಿದ್ರೆ ಬಿಡುಗಡೆ, ಇಲ್ಲಿ ಮೂಲವೇ ಆರಿಹೋಗ್ಬೇಕು. ಆ ಲೆಕ್ಕದಲ್ಲಿ ಇವನು ಬುದ್ಧ ಹೇಳೋ ತೃಷ್ಣೆಗೆ ಹತ್ತಿರ, ಕೊನೆಗಾಲದಲ್ಲಿ ಮನೇಲಿ ಬುದ್ಧನ ವಿಗ್ರಹವನ್ನೂ ತಂದಿಟ್ಕೊಂಡಿದ್ದ. ಈ ವ್ಯತ್ಯಾಸ ಮರೆತು ಎಲ್ಲಾ ಒಂದೇ ಅಂದ್ಬಿಟ್ರೆ ಉಪನಿಷತ್ತಿಗೂ ಇವನಿಗೂ ಇಬ್ಬರಿಗೂ ಅನ್ಯಾಯ. ಇಬ್ಬರನ್ನೂ ಆಳವಾಗಿ ಓದಿದವರು ಯಾರು ಅಂತ ಕೇಳಿದ್ರೆ ಪೌಲ್ ಡಾಯ್ಸನ್ ಹೆಸರು ಹುಡುಕಿ, ಶೋಪೆನ್‌ಹೌವರ್ ಅನುಯಾಯಿ, ಅರವತ್ತು ಉಪನಿಷತ್ತುಗಳನ್ನ ಜರ್ಮನ್‌ಗೆ ತಂದವರು, 1896ರಲ್ಲಿ ವಿವೇಕಾನಂದರು ಕೀಲ್ ಊರಲ್ಲಿ ಇವರ ಮನೆಗೆ ಹೋಗಿದ್ರು.

ಹೆಜ್ಜೆ 8: ಅವನ ತಪ್ಪುಗಳನ್ನ ಪಕ್ಕದಲ್ಲೇ ಇಟ್ಕೊಂಡು ಓದಿ

ಕರುಣೆ ಬಗ್ಗೆ ಇಷ್ಟು ಬರೆದವನು ಹಾಗೆ ಬದುಕಿದ್ನಾ ಅಂದ್ರೆ, ಇಲ್ಲ. 1821ರಲ್ಲಿ ಬರ್ಲಿನ್‌ನಲ್ಲಿ ತನ್ನ ಬಾಗಿಲ ಮುಂದೆ ಮಾತಾಡ್ತಿದ್ದ ಕ್ಯಾರೊಲಿನ್ ಮಾರ್ಕೆಟ್ ಅನ್ನೋ ಬಟ್ಟೆ ಹೊಲಿಯೋ ಹೆಂಗಸನ್ನ ಹೊರಕ್ಕೆ ತಳ್ಳಿದ, ಅವಳಿಗೆ ಪೆಟ್ಟಾಯ್ತು, ವರ್ಷಗಟ್ಟಲೆ ಕೋರ್ಟಲ್ಲಿ ನಡೆದು ವರ್ಷಕ್ಕೆ 60 ಥಾಲರ್ (ಆಗಿನ ಬೆಳ್ಳಿ ನಾಣ್ಯ) ಅವಳು ಬದುಕಿರೋವರೆಗೂ ಕೊಡಬೇಕು ಅಂತ ತೀರ್ಪಾಯ್ತು. ಅವಳು ಸತ್ತಾಗ ಮುದುಕಿ ಹೋದಳು ಹೊರೆ ಇಳೀತು ಅನ್ನೋ ಅರ್ಥದ ಲ್ಯಾಟಿನ್ ಸಾಲು ಬರೆದಿಟ್ಟ. 1848ರ ದಂಗೇಲಿ ಫ್ರಾಂಕ್‌ಫರ್ಟ್ ಬೀದೀಲಿ ಜನ ಎದ್ದಾಗ, ಅವರ ಮೇಲೆ ಗುಂಡು ಹಾರಿಸೋಕೆ ಬಂದ ಸೈನಿಕರಿಗೆ ತನ್ನ ಮನೆ ಬಿಟ್ಟುಕೊಟ್ಟ, ಗುರಿ ನೋಡೋಕೆ ಅಧಿಕಾರಿಗೆ ದುರ್ಬೀನೂ ಕಳಿಸಿದ. 1851ರ ಪ್ರಬಂಧಗಳ ಗಂಟಲ್ಲಿ ಹೆಣ್ಣುಮಕ್ಕಳ ಬಗ್ಗೆ ಒಂದು ಪ್ರಬಂಧ ಇದೆ, ಅದು ಬರೀ ದ್ವೇಷ, ಅದರಲ್ಲಿ ಉಳಿಸ್ಕೊಳ್ಳೋಕೆ ನನಗೆ ಒಂದು ವಾಕ್ಯವೂ ಸಿಗಲಿಲ್ಲ. ಇಂಟರ್ನೆಟ್‌ನಲ್ಲಿ ಆ ಪ್ರಬಂಧಾನೇ ಜ್ಞಾನ ಅಂತ ಹಂಚೋ ಗುಂಪುಗಳಿವೆ, ಅವರು 66ನೇ ವಿಭಾಗ ಓದಿಲ್ಲ.

ಸಂತನಾಗಿರೋಕೆ ತತ್ವಜ್ಞಾನಿ ಆಗಬೇಕಿಲ್ಲ, ತತ್ವಜ್ಞಾನಿ ಸಂತನಾಗಿರಬೇಕು ಅಂತಲೂ ಇಲ್ಲ, ಶಿಲ್ಪಿ ಸುಂದರವಾಗಿರಲೇಬೇಕು ಅಂತಿದೆಯಾ ಅಂತ 68ನೇ ವಿಭಾಗದಲ್ಲಿ ಅವನೇ ಕೇಳ್ತಾನೆ. ಈ ಉತ್ತರ ನನಗೆ ಸಾಕಾಗಲ್ಲ. ಅವನ ಅಳತೆಗೋಲು ಅವನೇ ಕೊಟ್ಟಿದ್ದು, ಯಾರಿಗೂ ನೋವು ಕೊಡಬೇಡ, ಆದಷ್ಟೂ ಎಲ್ಲರಿಗೂ ಸಹಾಯ ಮಾಡು ಅಂತ, ಅದನ್ನ ಹಿಡಿದು ಅವನನ್ನೂ ಅಳೀಬೇಕು.

ಹೆಜ್ಜೆ 9: ಕೊನೇ ವಿಭಾಗ, ಆಮೇಲೆ ಮೊದಲನೇದು

ಈಗ 68ರಿಂದ 71ರವರೆಗೆ ಓದಿ. ಬೇಕು ಅನ್ನೋದೇ ಆರಿಹೋದ ಸಂತರ ಬಗ್ಗೆ ಹೇಳ್ತಾ ಹೇಳ್ತಾ ಪುಸ್ತಕ ಮುಗಿಯುತ್ತೆ. ನಮ್ಮಂಥ ಬೇಕುಗಳಿಂದ ತುಂಬಿರೋರಿಗೆ ಅವರಿಗೆ ಸಿಕ್ಕಿರೋದು ಶೂನ್ಯ ಅನ್ಸುತ್ತೆ, ಅವರ ಕಡೆಯಿಂದ ನೋಡಿದ್ರೆ ಸೂರ್ಯರು ನಕ್ಷತ್ರಗಳು ಎಲ್ಲಾ ಇರೋ ನಮ್ಮ ಈ ಜಗತ್ತೇ ಶೂನ್ಯ, ಮೊದಲ ಸಂಪುಟದ ಕೊನೇ ಪದವೇ ಅದು. ಈ ಪುಟಗಳನ್ನ ರಾತ್ರಿ ಹೊತ್ತು ಒಬ್ಬರೇ ಓದೋದಕ್ಕಿಂತ ಬೆಳಿಗ್ಗೆ ಓದಿ, ಓದಿದ್ಮೇಲೆ ಅವನ ಥರಾನೇ ಒಂದು ಗಂಟೆ ನಡೆದುಬನ್ನಿ.

ಇಷ್ಟಾದ ಮೇಲೆ ಬಿಟ್ಟುಬಂದ ಮೊದಲನೇ ಭಾಗ ತೆಗೀರಿ. ಮುನ್ನುಡೀಲಿ ಅವನು ಓದುಗರಿಗೆ ಒಂದು ಬೇಡಿಕೆ ಇಟ್ಟಿದಾನೆ, ಇದು ಒಂದೇ ಒಂದು ವಿಚಾರ, ಇದರ ಶುರುವಿಗೆ ಕೊನೆ ಎಷ್ಟು ಮುಖ್ಯವೋ ಕೊನೆಗೆ ಶುರುವೂ ಅಷ್ಟೇ, ಹಾಗಾಗಿ ಎರಡು ಸಲ ಓದಿ, ಮೊದಲ ಸಲ ತುಂಬಾ ತಾಳ್ಮೆ ಇಟ್ಕೊಳ್ಳಿ ಅಂತ. ಜಗತ್ತು ನನ್ನ ತೋರಿಕೆ ಅನ್ನೋ ಮೊದಲ ವಾಕ್ಯ ಐವತ್ತು ಪುಟಕ್ಕೆ ನನ್ನನ್ನ ನಿಲ್ಲಿಸಿತ್ತು. ಈ ದಾರೀಲಿ ಸುತ್ತಿ ಬಂದು ಅದೇ ವಾಕ್ಯದಿಂದ ಮತ್ತೆ ಶುರು ಮಾಡಿದಾಗ ಹದಿನಾರು ವಿಭಾಗ ಎರಡು ವಾರದಲ್ಲಿ ಮುಗೀತು. ನೀವೂ ಅಲ್ಲಿಗೆ ಬಂದಾಗ ಮೊದಲ ಓದಲ್ಲಿ ಪೆನ್ಸಿಲ್‌ನಲ್ಲಿ ಹಾಕಿದ ಗುರುತುಗಳನ್ನ ಅಳಿಸಬೇಡಿ, ಬೇರೆ ಬಣ್ಣದಲ್ಲಿ ಹೊಸದು ಹಾಕಿ.